ಬೇರೆಯವರ ಶ್ವಾಸಕೋಶ

ಎದೆಯ ಸ್ಕ್ಯಾನ್ ಯಂತ್ರಗಳನ್ನು ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಡ್ರೈವರಕ್ಕ ಎಂದೇ ಕರೆಯುತ್ತಿದ್ದರು. ಯಂತ್ರಕ್ಕೂ ಕಂಪ್ಯೂಟರಿಗೂ ಮಾತುಕತೆ ನಡೆಸಿಕೊಡುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ಅವಳ ಕೆಲಸ. ಪಕ್ಕದ ಮನೆಯಾಕೆ ಮಾತ್ರ ಇಪ್ಪತ್ತು ವರ್ಷವಾದರೂ "ನಿಮ್ಮ ಬಸ್ಸು ಯಾವ ರೂಟು?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಮೊದಲೆಲ್ಲ ಯಂತ್ರ ತೆಗೆದ ಚಿತ್ರ ಆಪರೇಟಿಂಗ್ ಸಿಸ್ಟಮ್ಮಿನ ಜಾಗಕ್ಕೆ ಬಂದು, ಅಲ್ಲಿಂದ ನಕಲಾಗಿ ಪ್ರೋಗ್ರಾಮಿನ ಮೆಮೊರಿ ಸೇರುವಷ್ಟರಲ್ಲಿ ಹೊತ್ತು ಹಿಡಿಯುತ್ತಿತ್ತು. ಆ ಸುತ್ತುಬಳಸನ್ನು ತಪ್ಪಿಸಿ, ಯಂತ್ರವೇ ನೇರವಾಗಿ ಪ್ರೋಗ್ರಾಮಿನ ಮೆಮೊರಿಗೆ ಬರೆಯುವಂತೆ ಮಾಡಿದವಳು ಅವಳೇ. ಅದರಲ್ಲೊಂದು ಅಪಾಯವಿತ್ತು. ಮೆಮೊರಿ ಸಾಲದೆ ಬಂದಾಗ ಆಪರೇಟಿಂಗ್ ಸಿಸ್ಟಮ್ ಒಂದು ಕೆಲಸಕ್ಕೆ ಕೊಟ್ಟ ಮೆಮೊರಿಯ ತುಂಡನ್ನು, ಅಂದರೆ ಪುಟವನ್ನು, ಎತ್ತಿ ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಯಂತ್ರಕ್ಕೆ ಇದರ ಸುಳಿವೇ ಇರುವುದಿಲ್ಲ. ಅದು ಹಳೆಯ ವಿಳಾಸಕ್ಕೇ ಸುರಿಯುತ್ತಾ ಹೋಗುತ್ತದೆ. ಆದ್ದರಿಂದ ಯಂತ್ರ ಬರೆದು ಮುಗಿಸುವವರೆಗೆ ಆ ಪುಟವನ್ನು ಕದಲಿಸಬೇಡ ಎಂದು ಸಿಸ್ಟಮ್ಮಿಗೆ ಹೇಳಿಡಬೇಕು. ಇದಕ್ಕೆ ಪಿನ್ ಮಾಡುವುದು ಎನ್ನುತ್ತಾರೆ.

ಪಿನ್ ಮಾಡಿದ ಪುಟಗಳು ಹೆಚ್ಚಾದಂತೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಅವಳಿಗಿಂತ ಎಂಟು ವರ್ಷ ಚಿಕ್ಕವನಾದ ಮ್ಯಾನೇಜರು ಮೇಜಿನ ಬಳಿ ಬಂದು ನಿಂತ.

"ಸ್ವಲ್ಪ ಬೇಗ ಪಿನ್ ಬಿಚ್ಚಿದ್ರೆ ನಿಮ್ಮ ಗಂಟೇನು ಹೋಗುತ್ತೆ ಅಕ್ಕ? ಕಣ್ಣು ಮಿಟುಕಿಸೋವಷ್ಟೂ ವ್ಯತ್ಯಾಸ ಇಲ್ಲ."

"ತಪ್ಪು ಜಾಗಕ್ಕೆ ಬರೆಯೋಕೆ ಯಂತ್ರಕ್ಕೆ ಅಷ್ಟು ಹೊತ್ತು ಧಾರಾಳ ಆಯ್ತು ಸರ್. ಒಬ್ಬರ ಚಿತ್ರ ಇನ್ನೊಬ್ಬರ ಮೇಲೆ ಬಿದ್ರೆ?"

"ನಿಮ್ಮ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ಲ ನೋಡಿ."

ಆ ವಾರವೇ ತಂಗಿಗೆ ಕಣ್ಣಿನ ಆಪರೇಷನ್ ಎಂದು ಅವಳು ಹತ್ತು ದಿನ ರಜೆ ಹಾಕಿದಳು. ಹೊರಡುವ ಹೊತ್ತಿಗೆ ಮ್ಯಾನೇಜರು, "ಅರ್ಜೆಂಟಿಗೆ ಇರ್ಲಿ" ಎಂದು ಪಾಸ್‌ವರ್ಡ್ ಕೇಳಿದ. ಅವಳು ಚೀಟಿಯಲ್ಲಿ ಬರೆದುಕೊಟ್ಟಳು. ಮರಳಿ ಬಂದಾಗ ಕೈತುಂಬ ಕೆಲಸ. ಹಳೆಯ ಪ್ರೋಗ್ರಾಮನ್ನು ತೆರೆದೂ ನೋಡಲಿಲ್ಲ.

ಮೂರು ತಿಂಗಳ ಮೇಲೆ ಒಂದು ಆಸ್ಪತ್ರೆಯಿಂದ ದೂರು ಬಂತು. ಸಂಗೀತ ಹೇಳಿಕೊಡುವ ಮೇಷ್ಟರೊಬ್ಬರ ಸ್ಕ್ಯಾನಿನಲ್ಲಿ ಗಡ್ಡೆ ಕಂಡು, ಎದೆ ಕೊಯ್ದು, ಶ್ವಾಸಕೋಶದ ಕೆಳಭಾಗವನ್ನು ತೆಗೆದಿದ್ದರು. ಪರೀಕ್ಷೆಗೆ ಕಳಿಸಿದರೆ ಆ ತುಂಡು ಶುದ್ಧವಾಗಿತ್ತು. ಚಿತ್ರದಲ್ಲಿ ಗಡ್ಡೆಯಿದ್ದ ಎರಡು ಬೆರಳಗಲದ ಪಟ್ಟಿ ಅವರದ್ದೇ ಆಗಿರಲಿಲ್ಲ. ಅವರಿಗಿಂತ ಮೊದಲು ಯಂತ್ರದಡಿ ಮಲಗಿ ಎದ್ದಿದ್ದ ಹೆಂಗಸಿನದು. ಗಡ್ಡೆಯಿದ್ದ ಆಕೆಯನ್ನು "ಏನೂ ಇಲ್ಲಮ್ಮ" ಎಂದು ಮನೆಗೆ ಕಳಿಸಿಯಾಗಿತ್ತು.

ವಿಚಾರಣೆಯ ಕೋಣೆಯಲ್ಲಿ ಕಂಪನಿಯ ಮೂವರು ಹಿರಿಯರು ಕೂತಿದ್ದರು, ಪಕ್ಕದಲ್ಲಿ ಮ್ಯಾನೇಜರು.

"ಪಿನ್ ಬೇಗ ಬಿಚ್ಚೋ ಬದಲಾವಣೆ ನಿಮ್ಮ ಲಾಗಿನ್ನಿಂದ ಆಗಿದೆ."

"ಆವತ್ತು ನಾನು ರಜೆಯಲ್ಲಿದ್ದೆ ಸರ್. ಪಾಸ್‌ವರ್ಡ್ ಇವರ ಹತ್ರ ಇತ್ತು."

"ಯಾಕೆ ಕೊಟ್ರಿ? ಪಿನ್ ಬೇಗ ಬಿಚ್ಚೋದು ಬೇಡ ಅಂತ ಎಲ್ಲಾದ್ರೂ ಬರೆದು ಕೊಟ್ಟಿದ್ರಾ?"

ಕೊಟ್ಟಿರಲಿಲ್ಲ. ಆಡಿದ್ದೆಲ್ಲ ಬಾಯಿಮಾತು. ಮ್ಯಾನೇಜರು ಪೆನ್ನಿನ ಮುಚ್ಚಳ ತಿರುವುತ್ತಾ ಕೂತಿದ್ದ. ಒಮ್ಮೆಯೂ ಅವಳತ್ತ ಮುಖ ಎತ್ತಲಿಲ್ಲ. ಸಂಜೆಯೊಳಗೆ ಅವಳೇ ರಾಜೀನಾಮೆ ಕೊಡುವಂತಾಯಿತು.

ಒಂದು ಭಾನುವಾರ ಅವಳು ಮೇಷ್ಟರ ಮನೆ ಹುಡುಕಿಕೊಂಡು ಹೋದಳು. ಅವರು ದಿಂಬಿಗೊರಗಿ ಕೂತಿದ್ದರು; ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ಅವಳು ಪುಟ, ಪಿನ್ನು, ಪಾಸ್‌ವರ್ಡ್ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೇಷ್ಟರು ಕೊನೆಯವರೆಗೂ ಕೇಳಿದರು.

"ನಂಗಿದೆಲ್ಲ ತಲೆಗೆ ಹತ್ತಲ್ಲಮ್ಮ. ಒಂದು ಹೇಳಿ. ನೀವು ಬಂದಿದ್ದು ಕ್ಷಮೆ ಕೇಳೋಕಾ... ನಿಮ್ಮದೇನೂ ತಪ್ಪಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸೋಕಾ?"

ಅವಳು ಚೀಲ ಎತ್ತಿಕೊಂಡು ಎದ್ದಳು. ಅವರ ಹೆಂಡತಿ ಬಾಗಿಲವರೆಗೆ ಬಂದು, "ಇನ್ನು ಬರಬೇಡಿ, ಇವರಿಗೆ ಆಯಾಸ ಆಗುತ್ತೆ" ಎಂದರು.

ಕಂಪನಿ ಅವಳ ಹಳೆಯ ಪ್ರೋಗ್ರಾಮಿನ ಸಾಲುಗಳನ್ನೇ ಸದ್ದಿಲ್ಲದೆ ಮತ್ತೆ ಹಾಕಿಕೊಂಡಿತು. ಮ್ಯಾನೇಜರಿಗೆ ಬಡ್ತಿಯಾಯಿತು. ಅವಳೀಗ ಒಂದು ಕಚೇರಿಯಲ್ಲಿ ಪತ್ರಗಳನ್ನು ಟೈಪು ಮಾಡುತ್ತಾಳೆ. ಮೇಷ್ಟರಿಗಿಂತ ಮೊದಲು ಮಲಗಿ ಎದ್ದು ಹೋದ ಆ ಹೆಂಗಸಿನ ವಿಳಾಸವನ್ನೂ ಅವಳು ದೂರಿನ ಕಾಗದದಿಂದ ಬರೆದಿಟ್ಟುಕೊಂಡಿದ್ದಳು. ಆ ಬೀದಿಯ ತಿರುವಿನವರೆಗೆ ಎರಡು ಸಲ ಹೋದಳು; ಎರಡು ಸಲವೂ ತಿರುಗಿ ಬಂದಳು.