ಬಸವನಹುಳುವಿನ ಉಪವಾಸ, ಈಸ್ಟಿನ ಅಂಗಿ

ತಣಿಸಂದ್ರದ ಗೌರಮ್ಮನ ಕೋಸಿನ ಹೊಲದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ರಾತ್ರಿಯ ಜೂನ್ ಮಳೆಗೆ ಹೊರಬಂದ ಬಸವನಹುಳುಗಳನ್ನು ಮೆಹಬೂಬ್ ಬೀ ಎಲೆ ಮಗುಚಿ ಮಗುಚಿ ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದಾರೆ.

“ಎಲ್ಲಾನೂ ಒತ್ಕಂಡೋಗು ಬೀಬಮ್ಮ, ನನ್ ಕೋಸಾದ್ರೂ ಉಳೀಲಿ. ಈ ಸಲನಾದ್ರೂ ಉಪಾಸ ಇರಿಸ್ತೀಯಾ, ಇಲ್ಲ ಮತ್ತೆ ಊಟ ಆಕ್ತೀಯಾ?” ಎಂದು ಗೌರಮ್ಮ ಬದುವಿನಿಂದ ಕೂಗುತ್ತಾರೆ.

“ಸುಮ್ನಿರಕ್ಕ, ಊರಿಗೆಲ್ಲಾ ಸಾರ್ಬೇಡ,” ಎಂದು ಬೀ ನಗುತ್ತಾರೆ.

ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಬೀ ದಿನಗೂಲಿ ಆಯಾ. ಗಾಜು ತೊಳೆಯುವುದರ ಜೊತೆಗೆ ಹುಳು ತರುವುದೂ ಅವರದೇ ಕೆಲಸ. ಬನ್ನು ಉಬ್ಬಿಸುವ ಈಸ್ಟ್ ಒಂದೇ ಕೋಶದ ಜೀವಿ. ಅದರ ಸುತ್ತ ಗಟ್ಟಿ ಗೋಡೆಯಿದೆ. ಎಲೆ ಅರಗಿಸಲು ಬಸವನಹುಳುವಿನ ಹೊಟ್ಟೆಯಲ್ಲಿ ಊರುವ ರಸದ ಕಿಣ್ವಗಳು ಆ ಗೋಡೆಯನ್ನೂ ಕರಗಿಸುತ್ತವೆ, ಆಮೇಲೆ ಒಳಗಿನ ಜೀವವನ್ನು ಪರೀಕ್ಷಿಸುವುದು ಸುಲಭ ಎಂದು ಸಂಶೋಧಕ ಆನಂದಪ್ಪ ವಿವರಿಸುತ್ತಾರೆ. ಬೀ ಅದನ್ನು ಗೋಡೆ ಎನ್ನುವುದಿಲ್ಲ, ‘ಅಂಗಿ’ ಎನ್ನುತ್ತಾರೆ. ಹುಳು ಕೊಯ್ದು ರಸ ತೆಗೆಯುವ ಹೊತ್ತಿಗೆ ಮಾತ್ರ ಹೊರಗೆ ಹೋಗಿ ನಿಲ್ಲುತ್ತಾರೆ.

ರಸ ತಿಳಿಯಾಗಿರಬೇಕಾದರೆ ಹುಳುಗಳು ಎರಡು ದಿನ ಏನೂ ತಿನ್ನಬಾರದು. ಕಳೆದ ವಾರ ಅಲ್ಲೇ ಎಡವಟ್ಟಾಯಿತು. ಬಕೆಟ್ಟು ಬೀಯ ಮನೆಯಲ್ಲಿತ್ತು, ರಂಜಾನ್ ಬೇರೆ.

“ಸಂಜೆ ಮಸೀದಿ ಬಾಂಗ್ ಕೇಳ್ತು, ಖರ್ಜೂರ ಬಾಯಿಗಿಟ್ಕೊಂಡೆ. ನಮ್ ರೋಜಾ ಮುಗೀತು, ಇವುಗಳ ಉಪ್ವಾಸ? ಮನಸ್ಸು ತಡೀಲಿಲ್ಲ ಕಣ್ರೀ, ಒಂದಿಷ್ಟು ಕೋಸಿನೆಲೆ ಹಾಕ್ಬಿಟ್ಟೆ,” ಎನ್ನುತ್ತಾರೆ ಬೀ.

ರಸ ಹಸಿರು ಬಗ್ಗಡವಾಯಿತು, ಅಂಗಿ ಕಳಚಲಿಲ್ಲ. ಹುಳು ಸಾಕು, ಹೊರದೇಶದಿಂದ ಸಿದ್ಧ ಕಿಣ್ವ ತರಿಸೋಣ ಎಂದು ಮೇಲಿನವರು ಹೇಳಿದ್ದಾರೆ. ಆನಂದಪ್ಪ ಬೇಡಿ ಪಡೆದಿರುವುದು ಇನ್ನೊಂದೇ ಅವಕಾಶ. ಅದೂ ಕೈಕೊಟ್ಟರೆ ಬೀಯ ಕೂಲಿಗೇ ಸಂಚಕಾರ.

ಹಾಗಾಗಿ ಈ ಸಲ ಬಕೆಟ್ಟು ಪ್ರಯೋಗಾಲಯದಲ್ಲೇ ಉಳಿಯುತ್ತದೆ. “ಬೀಗದ ಕೈ ನೀವೇ ಇಟ್ಕೊಳ್ಳಿ ಸಾರ್, ನನ್ನ ನಂಬ್ಬೇಡಿ,” ಎನ್ನುತ್ತಾರೆ ಬೀ.

ಎರಡು ದಿನದ ಮೇಲೆ ಆನಂದಪ್ಪ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಬೀ ಬಾಗಿಲಲ್ಲಿ ಸೆರಗು ಹಿಂಡುತ್ತಿದ್ದಾರೆ.

“ಬಿಚ್ತಾ ಸಾರ್?”

“ಬಿಚ್ತು ಬೀಬಮ್ಮ! ಬನ್ನಿ, ನೀವೇ ನೋಡಿ. ಮೊಟ್ಟೆ ಥರ ಇದ್ದದ್ದು ಗೋಲಿ ಥರ ದುಂಡಗಾಗಿದೆ.”

ಬೀ ಬಗ್ಗಿ ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ಹುಳುವಿನ ಕೆಲಸ ಉಳಿಯಿತು. ಇನ್ನೇನು ಬೇಕು ಎಂದು ಆನಂದಪ್ಪ ಕೇಳಿದರೆ ಬೀಗೆ ಆರ್.ಟಿ. ನಗರದ ಬೇಕರಿಯಲ್ಲಿ ಬನ್ನು ಸುಡುವ ಗಂಡ ವಹಾಬ್ ನೆನಪಾಗುತ್ತಾರೆ.

“ನಮ್ಮ ಯಜಮಾನ್ರು ಮದ್ವೆಗೆ ಮುಂಚಿಂದ ಈಸ್ಟ್ ಕಲ್ಸ್ತಾರೆ, ಒಂದಿನಾನೂ ಅದ್ರ ಮುಖ ನೋಡಿಲ್ಲ. ಒಂದ್ಸಲ ಕರ್ಕೊಂಡ್ಬರ್ಲಾ ಸಾರ್?” ಎಂದವರು ಸೆರಗಿನಲ್ಲಿ ನಗು ಮುಚ್ಚಿಕೊಂಡು ಸೇರಿಸುತ್ತಾರೆ: “ಅವ್ರಿಗೆ ಮಾತ್ರ ಅಂಗಿ ತೊಟ್ಟಿರೋದನ್ನೇ ತೋರ್ಸಿ. ನಮ್ಗೆ ಅನ್ನ ಹಾಕಿದ್ದು, ಅದಕ್ಕೂ ಮರ್ಯಾದೆ ಬೇಡ್ವಾ?”