ಪ್ಲಗ್ ಹಿಡಿದವಳು

ಬಸ್ರಾದ ನಮ್ಮ ಬೀದಿಯಲ್ಲಿ ಕರೆಂಟು ಎರಡು ಥರ. ಒಂದು ಸರ್ಕಾರದ್ದು, ಮನಸ್ಸು ಬಂದಾಗ ಬಂದು ಮನಸ್ಸು ಬಂದಾಗ ಹೋಗುವಂಥದ್ದು. ಇನ್ನೊಂದು ಬೀದಿ ಮೂಲೆಯ ಜನರೇಟರಿನದ್ದು, ಗಂಟಲು ಹರಿದುಕೊಂಡು ಬರುವಂಥದ್ದು. ಪ್ರತಿ ಮನೆಯ ಬಾಗಿಲ ಪಕ್ಕ ಗೋಡೆಯಲ್ಲಿ ಕರೆಂಟು ಬದಲಿಸುವ ಒಂದು ಹಿಡಿ ಇರುತ್ತದೆ. ಮೇಲಕ್ಕೆ ತಿರುಗಿಸಿದರೆ ಸರ್ಕಾರ, ಕೆಳಕ್ಕೆ ತಿರುಗಿಸಿದರೆ ಜನರೇಟರು, ನಡುವೆ ನಿಲ್ಲಿಸಿದರೆ ಎರಡೂ ಇಲ್ಲ. ನಡುವೆ ನಿಲ್ಲಿಸುವ ಪುಣ್ಯಾತ್ಮರು ಮಾತ್ರ ನಮ್ಮಲ್ಲಿ ಯಾರೂ ಇಲ್ಲ. ಜನರೇಟರು ಕೆಮ್ಮಿದ ಸದ್ದು ಕೇಳಿತೋ, ಉಣ್ಣುತ್ತಿದ್ದವರೂ ನಮಾಜಿಗೆ ಕೈಕಾಲು ತೊಳೆಯುತ್ತಿದ್ದವರೂ ಎದ್ದು ಹೋಗಿ ಹಿಡಿ ತಿರುಗಿಸುತ್ತಾರೆ. ಆ ಕೆಲಸಕ್ಕೆ ತಲೆಯ ಅಪ್ಪಣೆ ಬೇಕಿಲ್ಲ, ಕೈಗೇ ಗೊತ್ತು.

ಇಂಥ ಬೀದಿಯಲ್ಲಿ ಫಖ್ರಿಯಾ ಕೆಟ್ಟ ಪಂಕ, ಕೆಟ್ಟ ಇಸ್ತ್ರಿಪೆಟ್ಟಿಗೆ, ಬಾಯಿ ಮುಚ್ಚಿದ ರೇಡಿಯೋ ರಿಪೇರಿ ಮಾಡಿಕೊಂಡು ಬದುಕುತ್ತಾಳೆ. ಹೆಂಗಸು ಈ ಕೆಲಸಕ್ಕೆ ಹೇಗೆ ಬಂದಳು ಎಂದು ಹೊರಗಿನವರು ಹುಬ್ಬೇರಿಸಬಹುದು. ಗಂಡಸರು ಕೆಲಸಕ್ಕೆ ಹೋದಾಗ ಪರ ಗಂಡಸನ್ನು ಮನೆಯೊಳಗೆ ಕರೆಯುವಂತಿಲ್ಲ. ಪಂಕ ಕೆಡುವುದೋ, ಸರಿಯಾಗಿ ಆ ಹೊತ್ತಿಗೇ. ಹಾಗಾಗಿ ಹಿಂದಿನಿಂದ ಗೊಣಗುವವರೂ ಮುಂದೆ ಬಂದು ಅವಳ ಬಾಗಿಲನ್ನೇ ತಟ್ಟುತ್ತಾರೆ.

ನಮ್ಮಲ್ಲಿ ಯಾರನ್ನೂ ಬರೀ ಹೆಸರಿನಿಂದ ಕರೆಯುವುದಿಲ್ಲ, ಚೊಚ್ಚಲ ಮಗನ ಹೆಸರು ಹಿಡಿದು ಅವನ ತಾಯಿ, ಅವನ ತಂದೆ ಎನ್ನುತ್ತೇವೆ. ಮಕ್ಕಳಿಲ್ಲದವರನ್ನೂ ಬರಿಗೈಲಿ ಕಳಿಸುವುದಿಲ್ಲ. ಇನ್ನೂ ಬಾರದೆ ಇರುವ ಮಗನೊಬ್ಬ ಇದ್ದಾನೆ ಎಂದುಕೊಂಡು ಅವರಿಗೆ ಅಬು ಗಾಯಿಬ್, ಉಮ್ ಗಾಯಿಬ್ ಎನ್ನುತ್ತೇವೆ, ಬಾರದವನ ತಂದೆ, ಬಾರದವನ ತಾಯಿ. ಮದುವೆಯಾಗಿ ಕೆಲವು ವರ್ಷ ಮಕ್ಕಳಾಗದ ಫಖ್ರಿಯಾಳನ್ನೂ ಬೀದಿ ಹಾಗೆ ಕರೆಯತೊಡಗಿತು. ಮೊದಮೊದಲು ಆ ಹೆಸರು ಮುಳ್ಳಿನಂತೆ ಚುಚ್ಚುತ್ತಿತ್ತು. ಆಮೇಲೆ ಒಗ್ಗಿ ಹೋಯಿತು, ಯಾಕೆಂದರೆ ಅವಳ ಮನೆಯಲ್ಲಿ ಚಾಸಿಬ್ ಇದ್ದ.

ಚಾಸಿಬ್ ಅವಳ ಗಂಡ, ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಸುಟ್ಟ ಗೆರೆ ಇತ್ತು. ಮದುವೆಯಾದ ವಾರದಲ್ಲೇ ಹೊಸ ಹೆಂಡತಿಯ ಮುಖ ನೋಡುತ್ತಾ, ಸೀಸ ಕರಗಿಸುವ ಕಾದ ಬೆಸುಗೆ ಕಡ್ಡಿಯನ್ನು ಮೇಜಿನಿಂದ ಜಾರಿಸಿ, ಬೀಳುತ್ತಿದ್ದುದನ್ನು ಗಬಕ್ಕನೆ ಹಿಡಿದುಕೊಂಡಿದ್ದ. ಅಂದಿನಿಂದ ಅವನು ಬೇರೆಯೇ ಮನುಷ್ಯ. "ಕಡ್ಡಿ ಬಿದ್ರೆ ಬೀಳ್ಲಿ, ಕಾಲು ಹಿಂದಕ್ಕೆ ತಗೋ. ಸುಟ್ರೆ ನೆಲ ತಾನೇ ಸುಡೋದು?" ಎಂದು ಬಂದವರಿಗೆಲ್ಲ ಉಪದೇಶ. ಕಡ್ಡಿಯನ್ನು ತಂತಿಯ ಗೂಡಿನಲ್ಲಿ ಇಡದೆ ಎಲ್ಲೂ ಇಡುತ್ತಿರಲಿಲ್ಲ. ಸೀಸದ ಹೊಗೆ ಮೂಗಿಗೆ ಬರಬಾರದೆಂದು ಉರಿಬಿಸಿಲಿನಲ್ಲೂ ಕಿಟಕಿ ತೆರೆದಿಡುತ್ತಿದ್ದ. ಕೈಯನ್ನು ಸೋಪಿನಿಂದ ಉಜ್ಜಿ ಉಜ್ಜಿ ತೊಳೆಯುವ ತನಕ ರೊಟ್ಟಿ ಮುಟ್ಟುತ್ತಿರಲಿಲ್ಲ. ಹಳೆಯ ಟಿವಿ ತೆರೆದರೆ ಇಡೀ ದಿನ ಪಕ್ಕಕ್ಕಿಟ್ಟು, "ಪ್ಲಗ್ ತೆಗೆದ್ರೂ ಇದರ ಹೊಟ್ಟೇಲಿ ಕರೆಂಟು ಬಚ್ಚಿಟ್ಕೊಂಡು ಕೂತಿರುತ್ತೆ, ಕಳ್ಳನ ಥರ" ಎನ್ನುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿತ್ತು. ಏನನ್ನು ಬಿಚ್ಚುವ ಮುಂಚೆಯೂ ಪ್ಲಗ್ ಎಳೆದು ಫಖ್ರಿಯಾಳ ಕೈಗೆ ಕೊಡುತ್ತಿದ್ದ. ಸ್ವಿಚ್ಚನ್ನು ನಂಬುತ್ತಿರಲಿಲ್ಲ. ಕರೆಂಟು ಹೋಗಿದೆ ಎಂಬ ಮಾತನ್ನಂತೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಅವಳು ಎದುರಿನ ಮಣೆಯ ಮೇಲೆ ಪ್ಲಗ್ ಹಿಡಿದು ಕೂರಬೇಕು. ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೇಳುವನು, "ಕೈಯಲ್ಲಿದೆಯಾ?" ಅವಳು "ಕೈಯಲ್ಲಿದೆ" ಎನ್ನಬೇಕು. ಆಮೇಲೇ ಬಲಗೈ ಒಳಗೆ ಹೋಗುತ್ತಿದ್ದುದು.

ಒಲೆಯ ಮೇಲೆ ಅನ್ನ ಸೀಯುವಾಗಲೂ ಇದೇ ಕಥೆ. "ನಾನೇನು ನಿನ್ನ ಪ್ಲಗ್ ನೇತುಹಾಕೋ ಮೊಳೆನಾ?" ಎಂದು ಅವಳು ಸಿಡುಕುತ್ತಿದ್ದಳು.

"ಮೊಳೆ ಮಾತಾಡಲ್ಲ ಕಣೇ. ನೀನು ಬೈತಾ ಕೂತಿರು, ನನಗದೇ ಧೈರ್ಯ."

ಅವಳೂ ಬಿಡುತ್ತಿರಲಿಲ್ಲ. ಅತ್ತಿಗೆಯ ಜಂಬ, ಮೀನಿನವನ ಮೋಸ, ಕನಸಿನಲ್ಲಿ ಬಂದ ಅಮ್ಮ, ಎಲ್ಲವನ್ನೂ ಪ್ಲಗ್ ಹಿಡಿದುಕೊಂಡೇ ಹೇಳಿ ಮುಗಿಸುತ್ತಿದ್ದಳು. ಅವನು ತಲೆ ಎತ್ತದೆ ಹೂಂಗುಟ್ಟುತ್ತಿದ್ದ. ಗಂಡ ಹೆಂಡತಿ ಎದುರುಬದುರು ಕೂತು ಇಷ್ಟು ಮಾತಾಡಿದ ಸಂಸಾರ ನಮ್ಮ ಬೀದಿಯಲ್ಲಿ ಇನ್ನೊಂದಿರಲಿಲ್ಲ. ನೋಡುತ್ತಲೇ ಅವಳು ಕೆಲಸವನ್ನೂ ಕಲಿತುಬಿಟ್ಟಳು. ಯಾವ ತಂತಿ ಎಲ್ಲಿಗೆ, ಬೆಸುಗೆ ಹೊಳೆದರೆ ಗಟ್ಟಿ, ಮಂಕಾದರೆ ಪೊಳ್ಳು, ಎಲ್ಲ ಕಣ್ಣಿಗೇ ಇಳಿಯಿತು.

ಅಷ್ಟು ಜಾಗ್ರತೆಯ ಮನುಷ್ಯನನ್ನು ಕರೆಂಟು ಮುಟ್ಟಲಿಲ್ಲ. ಒಂದು ಚಳಿಯ ಬೆಳಿಗ್ಗೆ ರೊಟ್ಟಿ ತರಲು ಹೋದವನು ಬೇಕರಿಯ ಸಾಲಿನಲ್ಲಿ ಎದೆ ಹಿಡಿದುಕೊಂಡು ಕೂತ, ಅಲ್ಲೇ ಹೋದ. ಬಿಸಿ ರೊಟ್ಟಿಯನ್ನು ಪಕ್ಕದವರು ಯಾರೋ ಮನೆಗೆ ತಂದುಕೊಟ್ಟರು.

ದುಃಖದ ದಿನಗಳು ಕಳೆದ ಮೇಲೂ ಕಪಾಟಿನಲ್ಲಿ ಜನರ ಪಂಕ, ರೇಡಿಯೋಗಳು ಬಿಚ್ಚಿದಂತೆಯೇ ಇದ್ದವು. ಅವನ್ನು ಹಾಗೇ ಹಿಂದಿರುಗಿಸಲು ಫಖ್ರಿಯಾಳಿಗೆ ಮನಸ್ಸು ಬರಲಿಲ್ಲ. ಚಾಸಿಬನ ಓದುವ ಕನ್ನಡಕ ಏರಿಸಿ ಒಂದನ್ನು ಮುಗಿಸಿದಳು, ಆಮೇಲೆ ಇನ್ನೊಂದನ್ನು. ಪ್ಲಗ್ ಹಿಡಿಯಲು ಯಾರೂ ಇಲ್ಲವಾದ್ದರಿಂದ ಅದನ್ನು ತನ್ನ ಕಪ್ಪು ನಿಲುವಂಗಿ ಅಬಾಯಾದ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಗಂಟು ಗಟ್ಟಿಯಾಗಿಯೇ ಇರುತ್ತಿತ್ತು. ಆದರೆ ಗಂಟು ಏನೂ ಕೇಳುತ್ತಿರಲಿಲ್ಲ. ಕಡ್ಡಿ ಕಾಯುವ ಆ ಸ್ವಲ್ಪ ಹೊತ್ತಿನಲ್ಲಿ ಅವಳ ಕಿವಿ ಸುಮ್ಮನೆ ಕಾಯುತ್ತಿತ್ತು. ಒಂದೇ ಒಂದು ಸಲ ಅವನು ಕೇಳಲಿ, ತಾನು ಸಿಡುಕದೆ ಉತ್ತರ ಕೊಡುತ್ತೇನೆ ಅನಿಸುತ್ತಿತ್ತು. ಬೇರೆ ಯಾವ ಆಸೆಯೂ ಅವಳಿಗೆ ಉಳಿದಿರಲಿಲ್ಲ.

ಹೋದ ಆಗಸ್ಟಿನಲ್ಲಿ, ಸಮುದ್ರದ ಕಡೆಯ ಶರ್ಜಿ ಗಾಳಿ ಬೀಸಿ ಗೋಡೆಗಳೂ ಬೆವರುತ್ತಿದ್ದ ದಿನ, ಹಾಜಿಯಾ ಬದ್ರಿಯಾಳ ಮನೆಯಿಂದ ಕರೆ ಬಂತು. ಬದ್ರಿಯಾ ನಮ್ಮ ಬೀದಿಯ ಹಿರಿಯಳು, ನಾಲಿಗೆಯಲ್ಲಿ ಒಣಮೆಣಸಿನಕಾಯಿ ಇಟ್ಟುಕೊಂಡವಳು. ಮಗ ತೈಲಬಾವಿಯ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಬಾಣಂತಿ ಸೊಸೆ ಸುಹಾದ್, ಮೈಯೆಲ್ಲ ಬೆವರುಸಾಲೆ ಎದ್ದ ಕೂಸು, ಛಾವಣಿಯಲ್ಲಿ ಕಿಡಿ ಹಾರಿಸಿ ನಿಂತುಹೋದ ಪಂಕ.

"ಬಾರಮ್ಮ ಉಮ್ ಗಾಯಿಬ್," ಎಂದಳು ಬದ್ರಿಯಾ, ಒಣನಿಂಬೆಯ ಚಹಾ ಕೈಗಿಡುತ್ತಾ. "ಗಂಡಸರು ಹತ್ತೋ ಕಡೆ ಹೆಂಗಸರು ಹತ್ತೋ ಕಾಲ ಬಂತು. ಬಿದ್ದು ಸೊಂಟ ಮುರ್ಕೊಂಡ್ರೆ ನಾನು ಜವಾಬ್ದಾರಿ ಅಲ್ಲಪ್ಪ."

"ಬಿದ್ರೆ ನಿಮ್ಮ ಮೇಲೇ ಬೀಳ್ತೀನಿ ಹಾಜಿಯಾ, ಮೆತ್ತಗಿದೀರಿ," ಎಂದಳು ಫಖ್ರಿಯಾ.

ಸರ್ಕಾರಿ ಕರೆಂಟು ಆಗಲೇ ಹೋಗಿತ್ತು, ಜನರೇಟರು ಇನ್ನೂ ಶುರುವಾಗಿರಲಿಲ್ಲ. ಫಖ್ರಿಯಾ ತಲೆಯೆತ್ತಿ ನೋಡಿದಳು. ಸ್ವಿಚ್ಚು ಸುಟ್ಟುಹೋಗಿದ್ದಕ್ಕೆ ಹಿಂದೆ ಬಂದಿದ್ದ ಯಾವನೋ ತಂತಿಯನ್ನು ನೇರವಾಗಿ ಸೇರಿಸಿ, ಬೆಸುಗೆ ಹಾಕದೆ ಬರೀ ತಿರುಚಿ ಬಿಟ್ಟು ಹೋಗಿದ್ದ. ಎಳೆದು ಕೈಯಲ್ಲಿ ಹಿಡಿಯಲು ಪ್ಲಗ್ ಇರಲಿಲ್ಲ, ಇದ್ದುದು ಬಾಗಿಲ ಪಕ್ಕದ ಹಿಡಿಯೊಂದೇ. ಅವಳು ಅದನ್ನು ನಡುವೆ ನಿಲ್ಲಿಸಿ ಸುಹಾದಳನ್ನು ಕರೆದಳು.

"ಇಲ್ಲಿ ನಿಂತ್ಕೋ ಮಗಳೇ. ಇದರ ಮೇಲೆ ಕೈ ಇಟ್ಕೊಂಡಿರು. ಏನೇ ಆದ್ರೂ ತಿರುಗಿಸ್ಬೇಡ."

"ಕರೆಂಟೇ ಇಲ್ವಲ್ಲ ಖಾಲಾ, ಇನ್ನೇನು ಕಾಯೋದು?"

"ಇಲ್ಲದೆ ಇರೋದನ್ನೇ ಕಾಯ್ಬೇಕು. ಬರೋವಾಗ ಅದು ಹೇಳಿ ಕಳಿಸಲ್ಲ."

ಕರೆಂಟು ಇಲ್ಲದ ಮನೆಗಳಿಗೆಂದೇ ಚಾಸಿಬ್ ಇಟ್ಟುಕೊಂಡಿದ್ದ ತಾಮ್ರದ ಮೂತಿಯ ಹಳೇ ಕಡ್ಡಿಯನ್ನು ಬದ್ರಿಯಾಳ ಕೈಗೆ ಕೊಟ್ಟು, ಗ್ಯಾಸಿನ ಉರಿಯಲ್ಲಿ ಕಾಯಿಸಲು ಹೇಳಿದಳು. ಮರದ ಮೇಜನ್ನು ಪಂಕದ ಕೆಳಗೆ ಎಳೆದು, ಪಕ್ಕದಲ್ಲಿ ಹಾಸಿಗೆಗಳನ್ನು ಒಟ್ಟಿಸಿದಳು. ರಬ್ಬರ್ ಚಪ್ಪಲಿ ಮೆಟ್ಟಿ, ಕನ್ನಡಕ ಏರಿಸಿ ಮೇಲೆ ಹತ್ತಿದಳು. ಟೆಸ್ಟರ್ ಮುಟ್ಟಿಸಿ ನೋಡಿದಳು, ದೀಪ ಹತ್ತಲಿಲ್ಲ. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಬಾಯಿಯೂ ತಾನಾಗಿಯೇ ತೆರೆಯಿತು.

"ಕೈಯಲ್ಲಿದೆಯಾ?"

"ಏನು ಖಾಲಾ, ಕೈಯಲ್ಲಿ?" ಸುಹಾದ್ ನಕ್ಕಳು.

ಫಖ್ರಿಯಾ ಮತ್ತೆ ಕೇಳಬೇಕಿತ್ತು, ಉತ್ತರ ಬರುವ ತನಕ ಕೈ ಹಾಕಬಾರದಿತ್ತು. ಚಾಸಿಬನಾಗಿದ್ದರೆ ಮೇಜಿನಿಂದ ಇಳಿದೇ ಬಿಡುತ್ತಿದ್ದ. ಆದರೆ ಆ ಉತ್ತರ ಈ ಹುಡುಗಿಗೆ ಗೊತ್ತಿಲ್ಲವಲ್ಲ, ಅದು ತನ್ನದಲ್ಲವೇ, ತನ್ನೊಬ್ಬಳದಲ್ಲವೇ ಎಂದುಕೊಂಡು ಸುಮ್ಮನಾದಳು. ತಿರುಚಿದ ತಂತಿಗಳನ್ನು ಬಿಡಿಸಿ ಒಂದೊಂದಾಗಿ ಕೆರೆದು ಹೊಳೆಯಿಸತೊಡಗಿದಳು.

ಅಷ್ಟರಲ್ಲಿ ಮೂಲೆಯ ಜನರೇಟರು ಕೆಮ್ಮಿತು. "ಬಂತೂ!" ಎಂದು ಬೀದಿಯ ಮಕ್ಕಳೆಲ್ಲ ಕೂಗಿದರು. ಆ ಗದ್ದಲಕ್ಕೆ ಕೂಸು ಬೆಚ್ಚಿ ಅತ್ತಿತು. ಸುಹಾದ್ ತೊಟ್ಟಿಲ ಕಡೆ ತಿರುಗಿದಳು, ತಿರುಗುತ್ತಲೇ ಅವಳ ಕೈ ದಿನವೂ ಮಾಡುವ ಕೆಲಸವನ್ನು ಮಾಡಿಬಿಟ್ಟಿತು. ಹಿಡಿ ಕೆಳಕ್ಕೆ ಹೋಯಿತು.

ಫಖ್ರಿಯಾಳ ಬೆರಳುಗಳಿಗೆ ಸುತ್ತಿಗೆಯಿಂದ ಹೊಡೆದಂತಾಯಿತು. ಕೈ ಹಿಂದಕ್ಕೆ ಹಾರಿತು, ಕನ್ನಡಕ ಹಾರಿತು, ಅವಳು ಮೇಜಿನಿಂದ ಹಾಸಿಗೆಗಳ ಮೇಲೆ ಧೊಪ್ಪನೆ ಬಿದ್ದಳು. ಎಡಗೈ ಹಿಂದಿತ್ತು, ಚಪ್ಪಲಿ ಕಾಲಲ್ಲಿತ್ತು, ನಿಂತಿದ್ದು ಮರದ ಮೇಲೆ. ಕರೆಂಟು ಬೆರಳಿಂದ ಬೆರಳಿಗೆ ಹಾದು ಹೋಗಿತ್ತೇ ಹೊರತು ಎದೆಯ ಕಡೆ ತಿರುಗಿರಲಿಲ್ಲ. ಬೀಳುವಾಗ ಅವಳ ಬಾಯಿಂದ ಬಂದ ಕೂಗು ಮಾತ್ರ ಇಡೀ ಮನೆಗೆ ಕೇಳಿಸಿತು.

"ಚಾಸಿಬ್, ಬಿಟ್ಟುಬಿಟ್ಯಾ?"

ಸುಹಾದ್ ಹಿಡಿಯನ್ನು ನಡುವೆ ತಳ್ಳಿ ಚೀರಿದಳು. "ನಾನು ತಿರುಗಿಸಿಲ್ಲ ಖಾಲಾ, ಕೈ ತಿರುಗಿಸ್ತು! ಖುರಾನಿನಾಣೆ ನನಗೆ ಗೊತ್ತೇ ಆಗ್ಲಿಲ್ಲ!" ಬದ್ರಿಯಾ ಕಾದ ಕಡ್ಡಿಯನ್ನು ಒಲೆಯ ಮೇಲೇ ಬಿಟ್ಟು ಉರಿ ಆರಿಸಿ ಓಡಿ ಬಂದಳು. ಸೊಸೆಯ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಬೈದು, ನೆಲದ ಮೇಲೆ ಕೂತು ಫಖ್ರಿಯಾಳ ತಲೆಯನ್ನು ತೊಡೆಗೆ ಎಳೆದುಕೊಂಡಳು.

ಎರಡು ಬೆರಳ ತುದಿ ಬೆಳ್ಳಗೆ ಸುಟ್ಟಿತ್ತು. ಸೊಂಟ ಉಳುಕಿತ್ತು. ಫಖ್ರಿಯಾ ಅಳುತ್ತಿದ್ದುದು ಅದಕ್ಕಲ್ಲ. ಚಾಸಿಬ್ ಬಿಟ್ಟ ಎಂದು ಕೂಗಿದ್ದಳು, ಆದರೆ ಚಾಸಿಬ್ ಎಂದೂ ಏನನ್ನೂ ಹಿಡಿದವನಲ್ಲ. ಹಿಡಿಯುತ್ತಿದ್ದವಳು ತಾನು. ಅವನು ಪ್ರತಿದಿನ, ಒಂದು ದಿನವೂ ತಪ್ಪದೆ, ತನ್ನ ಜೀವವನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ತಂತಿಗೆ ಕೈ ಹಾಕುತ್ತಿದ್ದ. ಅವಳು ಅದನ್ನು ಪ್ಲಗ್ ಎಂದುಕೊಂಡು, ಅನ್ನ ಸೀಯಿತೆಂದು ಸಿಡುಕುತ್ತಾ ಕೂತಿದ್ದಳು. ಹಾಗೆ ಸಿಡುಕುವಾಗಲೂ ಒಂದೇ ಒಂದು ಸಲ ಕೈ ಸಡಿಲಿಸಿರಲಿಲ್ಲ. ಇದು ಈಗ ತಿಳಿಯಿತು, ಹೇಳೋಣವೆಂದರೆ ಅವನಿಲ್ಲ.

"ನೋವಾಗ್ತಿದೆಯಾ?" ಬದ್ರಿಯಾಳ ದನಿಯಲ್ಲಿ ಮೆಣಸಿನಕಾಯಿ ಇರಲಿಲ್ಲ.

"ಅವನು ನನ್ನನ್ನ ಎಷ್ಟು ನಂಬಿದ್ದ ಹಾಜಿಯಾ," ಎಂದಳು ಫಖ್ರಿಯಾ. "ಒಂದಿನನಾದ್ರೂ ನೆಟ್ಟಗೆ ಉತ್ತರ ಕೊಡ್ಬಾರದಿತ್ತಾ ನಾನು?"

ಮುದುಕಿ ಅವಳನ್ನು ಎಬ್ಬಿಸಿ ನಲ್ಲಿಯ ಹತ್ತಿರ ನಡೆಸಿಕೊಂಡು ಹೋದಳು. ಬೆರಳುಗಳನ್ನು ನಲ್ಲಿಯ ನೀರಿನ ಕೆಳಗೆ ಬಹಳ ಹೊತ್ತು ಹಿಡಿಸಿದಳು, ಚಹಾ ಕುಡಿಸಿದಳು, ಪಂಕ ಹಾಳಾಗಿ ಹೋಗಲಿ, ಮಗ ಬಂದ ಮೇಲೆ ನೋಡೋಣ ಎಂದಳು. ಫಖ್ರಿಯಾ ತೊಟ್ಟಿಲ ಕಡೆ ನೋಡಿದಳು. ಕೂಸು ಅತ್ತು ಅತ್ತು ಕೆಂಪಗಾಗಿತ್ತು.

"ಇಲ್ಲ, ಮುಗಿಸಿಯೇ ಹೋಗ್ತೀನಿ. ಆದ್ರೆ ಹಿಡಿ ಹತ್ರ ನೀವು ಕೂತ್ಕೊಳ್ಳಿ. ನಾನೊಂದು ಮಾತು ಕೇಳ್ತೀನಿ, ಅದಕ್ಕೊಂದು ಉತ್ತರ ಇದೆ. ನೀವು ಆ ಉತ್ತರ ಕೊಡೋ ತನಕ ನಾನು ಕೈ ಹಾಕಲ್ಲ."

ಉತ್ತರವನ್ನು ಹೇಳಿಕೊಟ್ಟಳು. ಹೇಳಿಕೊಡುವಾಗ, ಮನೆಯ ಒಡವೆಯನ್ನು ಬಿಚ್ಚಿ ಬೇರೆಯವರ ಕೊರಳಿಗೆ ಹಾಕುವಂತೆ ಸಂಕಟವಾಯಿತು.

ಸುಹಾದ್ ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಬದ್ರಿಯಾ ಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಜಪಮಣಿಯನ್ನು ಹಿಡಿಗೆ ಸುತ್ತಿ, ಎರಡೂ ಕೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಫಖ್ರಿಯಾ ಕಡ್ಡಿಯನ್ನು ಮತ್ತೆ ಕಾಯಿಸಿ ತಂದು, ಬಿದ್ದಿದ್ದ ಕನ್ನಡಕ ಏರಿಸಿ, ಕುಂಟುತ್ತಾ ಮೇಜು ಹತ್ತಿದಳು. ಟೆಸ್ಟರ್ ಮುಟ್ಟಿಸಿ ನೋಡಿದಳು. ಎಡಗೈ ಹಿಂದಿಟ್ಟಳು.

"ಕೈಯಲ್ಲಿದೆಯಾ?"

"ಕೈಯಲ್ಲಿದೆ, ಮಗಳೇ," ಎಂದಳು ಬದ್ರಿಯಾ. "ಬೀದಿಗೆ ಬೀದಿಯೇ ಬಂದು ಎಳೆದ್ರೂ ಬಿಡಲ್ಲ."

ಸೀಸ ಕರಗಿ ತಂತಿಯ ಸುತ್ತ ಹರಿಯಿತು, ಆರಿ ಹೊಳೆಯಿತು. ಟೇಪು ಸುತ್ತಿ ಇಳಿದು ತಾನೇ ಹಿಡಿ ತಿರುಗಿಸಿದಳು. ಪಂಕ ಸುತ್ತಿತು, ಕೂಸು ಸ್ವಲ್ಪ ಹೊತ್ತಿಗೆ ನಿದ್ದೆಹೋಯಿತು. ಬದ್ರಿಯಾ ಅವಳನ್ನು ಬಾಗಿಲ ತನಕ ಕೈಹಿಡಿದು ತಂದುಬಿಟ್ಟಳು. "ನಾಳೆ ಕೆಲಸ ಇದ್ರೆ ಕೂಗು, ಬಂದು ಹಿಡ್ಕೊಂಡು ಕೂರ್ತೀನಿ. ಮನೇಲಿ ಸೊಸೇನ ಬೈದು ಬೈದು ನನಗೂ ಸಾಕಾಗಿದೆ," ಎಂದಳು.

ಸಂಜೆ ಫಖ್ರಿಯಾಳ ಮೇಜಿನ ಮೇಲೆ ಯಾರದೋ ರೇಡಿಯೋ ಕಾಯುತ್ತಿತ್ತು. ಅವಳು ಅದರ ಪ್ಲಗ್ ಎಳೆದಳು, ಅಬಾಯಾಕ್ಕೆ ಗಂಟು ಹಾಕಲಿಲ್ಲ. ಕನ್ನಡಕ ತೆಗೆದು ಚಾಸಿಬ್ ಕೂರುತ್ತಿದ್ದ ಜಾಗದಲ್ಲಿಟ್ಟಳು. ತಾನು ಎದುರಿನ ತನ್ನ ಹಳೇ ಮಣೆಯ ಮೇಲೆ ಕೂತು, ಸುಟ್ಟ ಬೆರಳು ಉರಿದರೂ ಪ್ಲಗ್ಗನ್ನು ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡಳು. ಹೊರಗೆ ಸರ್ಕಾರಿ ಕರೆಂಟು ಬಂತು, ಮಕ್ಕಳು ಕೂಗಿದರು, ಮನೆಮನೆಯಲ್ಲೂ ಹಿಡಿಗಳು ಮೇಲಕ್ಕೆ ಹೋದವು. ಅವಳು ಏಳಲಿಲ್ಲ.

ಅವನು ಕೇಳುವಷ್ಟು ಹೊತ್ತು ಬಿಟ್ಟು, "ಕೈಯಲ್ಲಿದೆ," ಎಂದಳು.