ಗಿಲಕಿಯ ಕೈ

ಅವಳನ್ನು ಎಲ್ಲರೂ ಗಿಲಕಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟ ಪುಣ್ಯಾತ್ಮ ಅವಳ ಸ್ವಂತ ಅಣ್ಣ. ಚಿಕ್ಕವಳಿದ್ದಾಗ ನೆಂಟರ ಮುಂದೆ ಟೀ ತಟ್ಟೆ ಹಿಡಿದು ಬಂದರೆ ಕಪ್ಪುಗಳೆಲ್ಲ ಗಿಲಗಿಲ ಅನ್ನುತ್ತಿದ್ದವು. ಇಂಥವಳು ನರ್ಸ್ ಆಗುತ್ತೇನೆ ಎಂದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆದರೆ ನೋಡಿ, ಸೂಜಿ ಹಿಡಿದರೆ ಆ ಕೈ ಅದು ಹೇಗೋ ಸುಮ್ಮನಾಗುತ್ತಿತ್ತು. ತೀರಾ ಹೆದರಿದಾಗ ಮಾತ್ರ ಮತ್ತೆ ಶುರು.

ಇಬ್ಬರಿಗೂ ಕೆಲಸ ಒಂದೇ ಸಣ್ಣ ಆಸ್ಪತ್ರೆಯಲ್ಲಿ. ಅವನು ಆಂಬುಲೆನ್ಸ್ ಓಡಿಸುತ್ತಿದ್ದ, ಅವಳು ತುರ್ತು ಕೋಣೆ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಖಾಯಂ ಡಾಕ್ಟರ್ ಅಂತ ಯಾರೂ ಇರಲಿಲ್ಲ. ಗೋಡೆಗೊಂದು ಟೀವಿಯಂಥ ಪರದೆ, ಅದರ ಮೇಲೊಂದು ಕ್ಯಾಮೆರಾ, ಅದರಾಚೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೂತ ಡಾಕ್ಟರಮ್ಮ, ಅಷ್ಟೇ. ಗಿಲಕಿ ಇಲ್ಲಿ ರೋಗಿಯ ಮೈಮೇಲೆ ಅಲ್ಟ್ರಾಸೌಂಡ್ ಹಿಡಿಕೆ ಒತ್ತಿದರೆ ಚಿತ್ರ ಈ ಪರದೆಯಲ್ಲೂ ಅಲ್ಲೂ ಮೂಡುತ್ತಿತ್ತು. ಕೈ ಇವಳದು, ಕಣ್ಣು ಅವರದು.

ಕಲಿಯುವುದಕ್ಕೆ ಯಾರದಾದರೂ ಎದೆ ಬೇಕಲ್ಲ! ಅಲ್ಲಿ ಔಷಧಿ ಕೊಡುತ್ತಿದ್ದ ಕಾಂಪೌಂಡರ್‌ಗೆ ವಿಪರೀತ ಕಚಗುಳಿ. ಹಿಡಿಕೆ ತಾಗಿದರೆ ಸಾಕು, ಕಿಸಕ್ಕನೆ ನಕ್ಕು ಮಂಚದಿಂದ ಇಳಿದುಬಿಡುತ್ತಿದ್ದ. ಹಾಗಾಗಿ ಅಣ್ಣನೇ ಗತಿ. ಊಟ ಮುಗಿಸಿ ಬಂದು ಅಂಗಿ ಬಿಚ್ಚಿ ಮಲಗಿ, "ಬೇಗ ನೋಡೇ ಗಿಲಕಿ, ನಿದ್ದೆ ಬರ್ತಿದೆ" ಎನ್ನುತ್ತಿದ್ದ, ಹಾಗೇ ಗೊರಕೆಯನ್ನೂ ಹೊಡೆಯುತ್ತಿದ್ದ. ಅವಳು ಎದೆಮೂಳೆಯ ಕೆಳಗೆ ಹಿಡಿಕೆ ಇಟ್ಟು, ಅವನ ಹೃದಯ ಮುಚ್ಚಿ ತೆರೆಯುವುದನ್ನು ಮನಸ್ಸು ತುಂಬುವಷ್ಟು ನೋಡುತ್ತಿದ್ದಳು. ಗೊರಕೆ ಹೊಡೆಯುವವನ ಹೃದಯ ಎಲ್ಲಿಗೆ ಓಡಿಹೋಗುತ್ತದೆ? ಅವಸರವೇ ಇರಲಿಲ್ಲ.

ಒಂದು ಮಧ್ಯಾಹ್ನ ಅಣ್ಣ ಆಂಬುಲೆನ್ಸ್ ತೊಳೆದು, ಖಾಲಿ ಬಕೆಟ್ ಇಡಲು ಒಳಗೆ ಬಂದವನು ತುರ್ತು ಕೋಣೆಯ ಬಾಗಿಲಲ್ಲೇ ಕುಸಿದುಬಿದ್ದ. ಬಕೆಟ್ ಉರುಳಿಕೊಂಡು ಹೋಗಿ ಮಂಚಕ್ಕೆ ಬಡಿಯಿತು. ಗಿಲಕಿ ಅವನ ಕುತ್ತಿಗೆ ಮುಟ್ಟಿ ನೋಡಿದಳು. ನಾಡಿಯಿಲ್ಲ. ಉಸಿರೂ ಇಲ್ಲ.

"ಬನ್ರೀ, ಎದೆ ಒತ್ತಿ!" ಎಂದು ಕಿರುಚಿದಳು. ಕಾಂಪೌಂಡರ್ ಓಡಿಬಂದು ಮೊಣಕಾಲೂರಿ ಒತ್ತತೊಡಗಿದ. ಅವಳು ಪರದೆ ಹಚ್ಚಿ, ಶಾಕ್ ಯಂತ್ರದ ಪಟ್ಟಿಗಳನ್ನು ಅಣ್ಣನ ಎದೆಗೆ ಅಂಟಿಸಿದಳು. ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದರೆ ಆಂಬುಲೆನ್ಸ್ ಹೊರಗೆ ಥಳಥಳ ಹೊಳೆಯುತ್ತ ನಿಂತಿತ್ತು. ಅದನ್ನು ಓಡಿಸುವವನೇ ನೆಲದ ಮೇಲಿದ್ದ.

"ಯಂತ್ರದಲ್ಲಿ ಹೃದಯದ ಗೆರೆ ಹೆಚ್ಚುಕಡಿಮೆ ನೆಟ್ಟಗಿದೆ" ಎಂದರು ಪರದೆಯ ಡಾಕ್ಟರಮ್ಮ. "ಇಂಥ ಗೆರೆಗೆ ಶಾಕ್ ಕೊಟ್ಟು ಪ್ರಯೋಜನ ಇಲ್ಲ. ಇಂಜೆಕ್ಷನ್ ಕೊಡಿ. ಒತ್ತೋದು ನಿಲ್ಲಬಾರದು. ನಾನು ನಿಲ್ಲಿಸಿ ಅಂದಾಗ ಹೃದಯ ತೋರಿಸಿ. ಹತ್ತು ಎಣಿಸೋದ್ರೊಳಗೆ ಹಿಡಿಕೆ ತೆಗೀಬೇಕು."

ಏಕೆಂದು ಇಂಜೆಕ್ಷನ್ ಚುಚ್ಚುತ್ತಿದ್ದ ಗಿಲಕಿಗೆ ಗೊತ್ತಿತ್ತು. ಒತ್ತುವ ಕೈ ನಿಂತಷ್ಟು ಹೊತ್ತೂ ಅಣ್ಣನ ಮಿದುಳಿಗೆ ರಕ್ತವಿಲ್ಲ.

"ನಿಲ್ಲಿಸಿ. ಒಂದು, ಎರಡು..."

ಅವಳು ಹಿಡಿಕೆ ಇಟ್ಟಳು. ಎಷ್ಟೋ ಮಧ್ಯಾಹ್ನ ನೋಡಿದ ಅದೇ ಹೃದಯ ಪರದೆಯ ಮೇಲೆ ಮೂಡಿತು, ಅಲುಗಾಡಿತು.

"ಬಡೀತಿದೆ! ಡಾಕ್ಟ್ರೇ, ಬಡೀತಿದೆ!"

ಕಾಂಪೌಂಡರ್ ಅಬ್ಬಾ ಎಂದು ಹಿಂದಕ್ಕೆ ಕೂತೇಬಿಟ್ಟ.

"ಇಲ್ಲಮ್ಮ, ಇಡೀ ಚಿತ್ರಾನೇ ಅಲ್ಲಾಡ್ತಿದೆ. ಅದು ನಿಮ್ಮ ಕೈ. ಒತ್ತಿ!"

"ಇಲ್ಲ, ಸರಿಯಾಗಿ ನೋಡಿ, ಇನ್ನೊಂಚೂರು..."

"ಹತ್ತು ದಾಟಿತು! ತೆಗೀರಿ ಹಿಡಿಕೆ!"

ಕಾಂಪೌಂಡರ್ ಮತ್ತೆ ಒತ್ತತೊಡಗಿದ. ಗಿಲಕಿಗೆ ತನ್ನ ಕೈಯನ್ನು ಕತ್ತರಿಸಿ ಎಸೆಯುವಷ್ಟು ಸಿಟ್ಟು ಬಂತು. ಅಣ್ಣನ ರಕ್ತ ನಿಂತಿದ್ದ ಹೊತ್ತಿನಲ್ಲಿ ಅವಳು ತನ್ನ ನಡುಕವನ್ನೇ ನೋಡುತ್ತ ಕೂತಿದ್ದಳು.

"ಬೇರೆ ಯಾರಾದ್ರೂ ಇದ್ದಾರಾ?" ಡಾಕ್ಟರಮ್ಮ ಕೇಳಿದರು.

"ಯಾರೂ ಇಲ್ಲ. ಇವನು ನಮ್ಮಣ್ಣ, ಡಾಕ್ಟ್ರೇ."

"ಗೊತ್ತು. ದಿನಾ ಗೊರಕೆ ಕೇಳ್ತೀನಲ್ಲ. ಈಗ ಮೊಣಕೈ ನೆಲಕ್ಕೆ ಊರಿ. ಕಿರುಬೆರಳು ಅವರ ಹೊಟ್ಟೆ ಮೇಲೆ ಇರಲಿ. ಕಾಂಪೌಂಡರ್ ಒತ್ತುತ್ತಿರುವಾಗ್ಲೇ ಜಾಗ ಹಿಡಿದಿಟ್ಕೊಳ್ಳಿ."

ಗಿಲಕಿ ಅಣ್ಣನ ಪಕ್ಕದಲ್ಲಿ ಬೋರಲಾಗಿ ಮಲಗಿ, ಮೊಣಕೈಯನ್ನು ನೆಲಕ್ಕೆ ಅದುಮಿದಳು. ಕಾಂಪೌಂಡರ್‌ನ ಬೆವರು ಅವಳ ಮಣಿಕಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನಿಲ್ಲಿಸಿ. ಒಂದು, ಎರಡು, ಮೂರು..."

ಹೃದಯ ಕಂಡಿತು. ಅದರ ಗೋಡೆ ಸಣ್ಣಗೆ ನಡುಗುತ್ತಿತ್ತು.

"ಮತ್ತೆ ನನ್ನ ಹಾಳು ಕೈ, ಡಾಕ್ಟ್ರೇ! ತೆಗೀತೀನಿ."

"ತೆಗೀಬೇಡಿ! ಸುತ್ತ ಇರೋದೆಲ್ಲ ಕದಲದೆ ನಿಂತಿದೆ, ನೋಡಿ. ನಡುಗ್ತಿರೋದು ನಿಮ್ಮ ಕೈ ಅಲ್ಲ, ಅವರ ಹೃದಯ. ಹೂಂ, ಈಗ ತೆಗೀರಿ, ಒತ್ತಿ! ಶಾಕ್ ಯಂತ್ರ ಚಾರ್ಜ್ ಮಾಡಿ!"

ರಕ್ತ ನೂಕುವ ಶಕ್ತಿಯಿಲ್ಲದೆ ಬರೀ ಕಂಪಿಸುತ್ತಿದ್ದ ಹೃದಯ ಅದು. ಆ ಕಂಪನ ಯಂತ್ರದ ಗೆರೆಯಲ್ಲಿ ಕಾಣದಷ್ಟು ಸಣ್ಣದಾಗಿತ್ತು. ಅಂಥದ್ದಕ್ಕೆ ಶಾಕ್ ಕೊಟ್ಟರೆ ಉಳಿಯುವ ಆಸೆಯುಂಟು.

"ಯಾರೂ ಮುಟ್ಟಬೇಡಿ" ಎಂದು ಹೇಳಿ ಗಿಲಕಿ ಗುಂಡಿ ಅದುಮಿದಳು. ಅಣ್ಣನ ಮೈ ಒಮ್ಮೆ ಎಗರಿ ಬಿತ್ತು. ಕಾಂಪೌಂಡರ್ ಮತ್ತೆ ಒತ್ತತೊಡಗಿದ. ಒತ್ತಿದ, ಒತ್ತಿದ, ಅವನ ತೋಳು ಸೋತು ಬಂತು. ಆಗ ಅಣ್ಣನ ಕೈ ನಿಧಾನವಾಗಿ ಎದ್ದು ಅವನ ಮಣಿಕಟ್ಟನ್ನು ದೂಡಿತು.

ಮೂರನೆಯ ಸಲ ಹಿಡಿಕೆ ಇಟ್ಟಾಗ ಹೃದಯ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಗಿಲಕಿ ಅಲ್ಲೇ ನೆಲದ ಮೇಲೆ ಗೊಳೋ ಎಂದು ಅತ್ತಳು.

ದೊಡ್ಡ ಆಸ್ಪತ್ರೆಯವರು ಕಳಿಸಿದ ಗಾಡಿಯಲ್ಲಿ ಹೋಗಿದ್ದ ಅಣ್ಣ ಅಲ್ಲಿಂದ ಮರಳಿ, ಮೈಯಲ್ಲಿ ಕಸುವು ತುಂಬಿಕೊಂಡ ಮೇಲೆ ಒಂದು ಮಧ್ಯಾಹ್ನ ಬಂದು ಅದೇ ಮಂಚ ಏರಿದ. ಪಕ್ಕೆಲುಬು ಇನ್ನೂ ನೋಯುತ್ತಿತ್ತು. ಕಾಂಪೌಂಡರ್‌ನನ್ನು ಬಾಯ್ತುಂಬ ಬೈದ.

"ಬೇಗ ನೋಡೇ" ಎಂದ. ಆದರೆ ಗೊರಕೆ ಹೊಡೆಯಲಿಲ್ಲ. ಪರದೆಯ ಕಡೆ ತಿರುಗಿ, ತನ್ನ ಹೃದಯವನ್ನು ತಾನೇ ಮೊದಲ ಸಲ ನೋಡುತ್ತ ಮಲಗಿದ. ಚಿತ್ರ ಗಿಲಗಿಲ ಅಲುಗಾಡುತ್ತಿತ್ತು.

"ಗಿಲಕಿ, ಕೈ ನಡುಗ್ತಿದೆಯಲ್ಲೇ."

"ಇವತ್ತು ನಡುಗಲಿ ಬಿಡಿ" ಎಂದರು ಡಾಕ್ಟರಮ್ಮ. ಅವತ್ತು ಅವರು ಎಣಿಸಲಿಲ್ಲ.